ಚಿಕ್ಕೋಡಿ ಕಚೇರಿಗೆ ಲಕ್ಕವ್ವನ ಮುಯ್ಯಿ

ಜುಗೂಳದ ಲಕ್ಕವ್ವ ಜಡ್ಡು ಬಿದ್ದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ನೆಗಡಿ ಬಂದರೆ ನೆಗಡಿಯನ್ನೇ ಬೈದು ಓಡಿಸುವ ಹೆಂಗಸು ಅವಳು. ಐವತ್ತು ದಾಟಿದ್ದರೂ ಹೊಲದ ಸಾಲು ಹಿಡಿದಳೆಂದರೆ ಹಿಂದೆ ಬರುವ ಊರಿನ ಹರೆಯದ ಸೊಸೆಯಂದಿರು ಏದುಸಿರು ಬಿಡಬೇಕು. ಬಾಯಿಯೂ ಕೈಯಷ್ಟೇ ಚುರುಕು. ಗಂಡ ಸಿದ್ದಲಿಂಗ ಮಾತ್ರ ಮಾತು ಕಡಿಮೆಯ ಮನುಷ್ಯ. ಮನೆಗೆ ಬೇಕಾದ ಮಾತನ್ನೆಲ್ಲ ಅವಳೊಬ್ಬಳೇ ಆಡುವಾಗ ತಾನೇಕೆ ನಡುವೆ ಬರಬೇಕೆಂದು ಮದುವೆಯಾದಂದಿನಿಂದ ಸುಮ್ಮನಿದ್ದ.

ಅವಳ ಹೆಸರು ಹೊಳೆದಂಡೆಯ ಆ ಊರಲ್ಲಿ ನಡೆಯುತ್ತಿದ್ದುದು ಮುಯ್ಯಿಯಿಂದ. ಇವತ್ತು ನಾನು ನಿನ್ನ ಹೊಲಕ್ಕೆ ಬಂದು ದುಡಿಯುತ್ತೇನೆ, ನಾಳೆ ನೀನು ನನ್ನ ಹೊಲಕ್ಕೆ ಬಾ, ಕೂಲಿಯ ಮಾತಿಲ್ಲ. ಕುಡಗೋಲು ಅವರವರದು, ಬುತ್ತಿ ಅವರವರದು, ನಗು ಮಾತ್ರ ಎಲ್ಲರದು. ತನ್ನ ಓಣಿಯ ಹೆಂಗಸರ ಮುಯ್ಯಿಗೆ ಲಕ್ಕವ್ವನೇ ಮುಂದಾಳು. ಯಾರು ಯಾರಿಗೆ ಎಷ್ಟು ದಿನ ಕೊಡಬೇಕು ಎಂಬುದೆಲ್ಲ ಅವಳ ತಲೆಯಲ್ಲೇ ಇರುತ್ತಿತ್ತು. ಅವಳ ಕಟ್ಟಳೆಯೂ ಒಂದೇ: ಮುಯ್ಯಿಗೆ ಬದಲಿ ಆಳು ನಡೆಯುವುದಿಲ್ಲ. ಅದೇ ಓಣಿಯ ದೊಡ್ಡ ಮನೆಯಾಕೆ ಒಮ್ಮೆ ತಾನು ಬರುವ ಬದಲು ಕೂಲಿಯವಳನ್ನು ಕಳಿಸಿದ್ದಳು. ಲಕ್ಕವ್ವ ಆ ಕೂಲಿಯವಳಿಗೆ ಚಹಾ ಕುಡಿಸಿ, ಕುಶಾಲ ಮಾತಾಡಿ, ಬಂದ ದಾರಿಯಲ್ಲೇ ತಿರುಗಿ ಕಳಿಸಿದಳು. ಮರುದಿನ ದೊಡ್ಡ ಮನೆಯಾಕೆ ತಾನೇ ಸೀರೆ ಎತ್ತಿ ಕಟ್ಟಿಕೊಂಡು ಬರಬೇಕಾಯಿತು. "ದೇಹ ಬರಬೇಕ ಬೇ, ದೇಹ. ಇಲ್ಲಂದ್ರ ಅದು ಮುಯ್ಯಿ ಅಲ್ಲ, ಬರೇ ಕೂಲಿ" ಎಂದು ಲಕ್ಕವ್ವ ಅಂದದ್ದು ಊರಿಗೆಲ್ಲ ಗೊತ್ತು.

ಹೊಲ ಇದ್ದದ್ದು ಅರ್ಧ ಎಕರೆ. ಅದರಿಂದ ಹೊಟ್ಟೆ ತುಂಬುವಂತಿರಲಿಲ್ಲ. ಆದ್ದರಿಂದ ಲಕ್ಕವ್ವ ದಿನಾ ಬಸ್ಸು ಹಿಡಿದು ಕಾಗವಾಡದ ಹತ್ತಿರ ಬಾಹುಬಲಿ ಅಣ್ಣನ ಒಣದ್ರಾಕ್ಷಿ ಕಾರ್ಖಾನೆಗೆ ಹೋಗುತ್ತಿದ್ದಳು. ಯಂತ್ರದ ಪಟ್ಟಿಯ ಮೇಲೆ ಒಣದ್ರಾಕ್ಷಿ ಹರಿದು ಬರುತ್ತದೆ. ಎರಡೂ ಕಡೆ ಕೂತ ಹೆಂಗಸರು ಕಡ್ಡಿ, ಕಪ್ಪು ಕಾಳು, ಸುಕ್ಕಿದ್ದು ಎಲ್ಲ ಆರಿಸಿ ತೆಗೆಯಬೇಕು. ಲಕ್ಕವ್ವನ ಬಲಗೈ ಬೆರಳುಗಳು ಅಲ್ಲಿ ಕೋಳಿ ಕಾಳು ಹೆಕ್ಕಿದ ಹಾಗೆ ಓಡುತ್ತಿದ್ದವು. ವರ್ಷವಿಡೀ ಕೆಲಸ, ತಿಂಗಳಿಗೊಮ್ಮೆ ಪಗಾರ. ಬಾಹುಬಲಿ ಅಣ್ಣನೂ ಮೆತ್ತಗಿನ ಮಾಲೀಕ.

ಅಣ್ಣನ ಹತ್ತಿರ ಜಗಳ ತೆಗೆಯಲು ಒಂದು ಹೊತ್ತಿತ್ತು, ಅದನ್ನು ಕಂಡುಹಿಡಿದವಳು ಲಕ್ಕವ್ವನೇ. ಜೈನ ಮನೆತನದ ಅಣ್ಣ ಹೊತ್ತು ಮುಳುಗಿದ ಮೇಲೆ ತುತ್ತು ಬಾಯಿಗಿಡುವವನಲ್ಲ. ಸಂಜೆಯ ಬಿಸಿಲು ಕಿಟಕಿಯಿಂದ ಇಳಿಯತೊಡಗಿದರೆ ಅವನ ಮನಸ್ಸೆಲ್ಲ ಮನೆಯ ಕಡೆ. ಆಗ ಹೋಗಿ ಬಾಗಿಲಲ್ಲಿ ನಿಂತರೆ ಯಾವ ಜಗಳವೂ ಬೇಗ ಗೆದ್ದು ಬರುತ್ತಿತ್ತು. ಮಳೆಗಾಲದ ಕೋಟು, ಕುಡಿಯುವ ನೀರಿನ ಹೊಸ ಟಾಕಿ ಎರಡನ್ನೂ ಅವಳು ಹಾಗೇ ತಂದಿದ್ದಳು.

ಕಾರ್ಖಾನೆ ಬೆಳೆದು, ಆಳುಗಳು ಹೆಚ್ಚಾಗಿ, ಇ.ಎಸ್.ಐ. ಎಂಬ ಕಾರ್ಮಿಕರ ಸರ್ಕಾರಿ ವಿಮೆ ಶುರುವಾದ ತಿಂಗಳು ಪಗಾರದಲ್ಲಿ ಸ್ವಲ್ಪ ಕಡಿತವಾಯಿತು. ಲಕ್ಕವ್ವ ಸರಿಯಾಗಿ ಬಿಸಿಲು ಇಳಿಯುವ ಹೊತ್ತಿಗೆ ಅಣ್ಣನ ಬಾಗಿಲಲ್ಲಿ ಹಾಜರು.

"ಅಣ್ಣಾ, ನನ್ನ ಪಗಾರಿನಾಗ ಯಾರ ಕೈ ಹಾಕ್ಯಾರ?"

"ಯಾರೂ ಹಾಕಿಲ್ಲಕ್ಕಾ. ಇ.ಎಸ್.ಐ. ಸುರು ಆಗೇತಿ. ನಿಂದು ನೂರಕ್ಕ ಮುಕ್ಕಾಲ ರೂಪಾಯಿ, ನಂದು ಮೂರೂಕಾಲು. ಎಲ್ಲಾ ಕಾರ್ಖಾನಿಯಿಂದನೂ ಹಿಂಗ ಕೂಡತೈತಿ. ನಾಳೆ ಜಡ್ಡ ಆದ್ರ, ಕೈಕಾಲ ಮುರದ್ರ, ಮನ್ಯಾಗ ಕುಂತ್ರೂ ರೊಕ್ಕ ಬರ್ತಾವ."

"ನಾ ಯಾವಾಗ ಜಡ್ಡ ಬಿದ್ದೇನಿ? ಬೀಳಾವ್ರು ಕೊಡ್ಲಿ. ನನ್ನ ಹೆಸರ ತಗೀರಿ."

"ತಗ್ಯಾಕ ಬರೂದಿಲ್ಲಕ್ಕಾ, ಕಾಯ್ದೆ ಐತಿ."

"ಯಾವನ ಜಡ್ಡಿಗೋ ನಾ ಯಾಕ ದುಡೀಲಿ? ಅವಾ ಏನ್ ನನ್ನ ಹೊಲಕ್ಕ ಬಂದಿದ್ನೇನ?"

ಅಣ್ಣ ಕಿಟಕಿ ನೋಡಿದ, ಬಿಸಿಲು ನೋಡಿದ, ಕೈ ಮುಗಿದ. ಆದರೂ ಆ ಜಗಳ ಮಾತ್ರ ಲಕ್ಕವ್ವ ಗೆಲ್ಲಲಿಲ್ಲ. ಕಾಯ್ದೆಗೆ ಹೊತ್ತು ಮುಳುಗುವ ಭಯ ಇರಲಿಲ್ಲ. ಅಂದಿನಿಂದ ಪ್ರತಿ ಪಗಾರದ ದಿನವೂ ಅವಳು ಲೆಕ್ಕ ಬರೆಯುವ ಹುಡುಗಿ ಪ್ರಾಜಕ್ತಾಳ ಮೇಜಿನ ಮುಂದೆ ನಿಂತು, ಆ ಹೆಸರಿಲ್ಲದ ಜಡ್ಡಿನವನಿಗೆ ನಾಲ್ಕು ಮಾತು ಬೈದೇ ಮನೆಗೆ ಹೋಗುತ್ತಿದ್ದಳು. ಹೀಗೆ ವರ್ಷದ ಮೇಲಾಯಿತು.

ಆ ವರ್ಷ ನವರಾತ್ರಿಗೆ ಮುಂಚೆ ಊರಿನ ಹೆಂಗಸರೆಲ್ಲ ಮನೆಯ ಹಾಸಿಗೆ ಹೊದಿಕೆ ಹೊತ್ತು ಹೊಳೆಗೆ ಹೋದರು. ಲಕ್ಕವ್ವನೂ ಹೋದಳು. ನೀರು ಕುಡಿದ ಕೌದಿಯ ಭಾರ ಒಗೆದವರಿಗೇ ಗೊತ್ತು. ಇಬ್ಬರು ಹಿಡಿದು ಎಳೆಯಬೇಕಾದ ಕೌದಿಯನ್ನು, ತಾನೊಬ್ಬಳೇ ಸಾಕು ಎಂದು ಅವಳು ಎಳೆದಳು. ಹೊಳೆಗಿಳಿಯುವ ಕಲ್ಲಿನ ಪಾವಟಿಗೆ ಪಾಚಿಗಟ್ಟಿತ್ತು. ಕೌದಿ ಅವಳನ್ನೇ ಎಳೆದುಕೊಂಡಿತು. ಊರಿದ ಬಲಗೈ ಮಣಿಕಟ್ಟಿನಲ್ಲಿ ಲಟಕ್ಕೆಂದಿತು.

ಚಿಕ್ಕೋಡಿಯ ಇ.ಎಸ್.ಐ. ದವಾಖಾನೆಯ ಡಾಕ್ಟರರು ಪಟ್ಟಿ ಹಾಕಿ, "ಈ ಕೈ ಅಲುಗಾಡಿಸಬೇಡಿ. ಅವಸರ ಮಾಡಿದರೆ ಎಲುಬು ಸೊಟ್ಟ ಕೂಡುತ್ತದೆ, ಆಮೇಲೆ ಬೆರಳು ಮೊದಲಿನ ಹಾಗೆ ಓಡೋದಿಲ್ಲ" ಎಂದರು. ಲಕ್ಕವ್ವನಿಗೆ ಆ ಮಾತು ಕೈನೋವಿಗಿಂತ ಹೆಚ್ಚು ನೋಯಿಸಿತು. ಬೆರಳು ಓಡದಿದ್ದರೆ ತಾನು ಯಾರು? ಆದರೂ ಮನೆಯಲ್ಲಿ ಕೂರುವುದೆಂದರೆ ಅವಳಿಗೆ ಜೈಲು. ನಾಲ್ಕೇ ದಿನಕ್ಕೆ ಕೊರಳಿಗೆ ಕೈ ಕಟ್ಟಿಕೊಂಡು ಕಾರ್ಖಾನೆಯ ಬಾಗಿಲಿಗೆ ಬಂದಳು, ಎಡಗೈಯಲ್ಲೇ ಆರಿಸುತ್ತೇನೆ ಎಂದು.

ಪ್ರಾಜಕ್ತಾ ಬಾಗಿಲಲ್ಲೇ ಅಡ್ಡ ನಿಂತಳು. "ಮಾವಶಿ, ಡಾಕ್ಟರ ಕೊಟ್ಟ ಸರ್ಟಿಫಿಕೇಟ್ ಮ್ಯಾಲ ನೀವು ಬೀಮಾರ ಅದೀರಿ. ಬೀಮಾರ ಇದ್ದಾವ್ರು ಕೆಲಸಾ ಮಾಡಂಗಿಲ್ಲ. ಮಾಡಿದ್ರ ರೊಕ್ಕ ಬರೂದಿಲ್ಲ, ಕೈನೂ ಹೋಗ್ತೈತಿ. ಮನೀಗೆ ನಡೀರಿ."

"ಯಾವ ರೊಕ್ಕ?"

"ಅಣ್ಣಾ ಹೇಳಿರಲಿಲ್ಲೇನ್ರಿ? ದಿನದ ಪಗಾರಿನಾಗ ನೂರಕ್ಕ ಎಪ್ಪತ್ತು. ಬ್ಯಾಂಕಿಗೇ ಬರ್ತೈತಿ."

ಲಕ್ಕವ್ವ ಹಾಗೆಲ್ಲ ನಂಬುವವಳಲ್ಲ. ಆದರೆ ರೊಕ್ಕ ನಿಜಕ್ಕೂ ಬಂತು. ಸಿದ್ದಲಿಂಗ ಬ್ಯಾಂಕಿನಿಂದ ಬಂದವನು ಅಪರೂಪಕ್ಕೆ ಬಾಯಿಬಿಟ್ಟು, "ಖರೇ ಬಂದೈತಿ" ಎಂದ. ಅವಳ ಕೈ ಮುರಿದಂದಿನಿಂದ ಮನೆಯ ರೊಟ್ಟಿಯೂ ಅವನದೇ ಕೆಲಸವಾಗಿತ್ತು. ದಿನಾ ಅವನೇ ಬಡಿಯುತ್ತಿದ್ದ. ಆ ರೊಟ್ಟಿ ಎಷ್ಟು ದಪ್ಪವೆಂದರೆ ಓಣಿಯ ನಾಯಿ ಕೂಡ ಯೋಚಿಸಿ ಬಾಯಿ ಹಾಕುತ್ತಿತ್ತು. ಲಕ್ಕವ್ವ ಅದನ್ನು ಎಡಗೈಯಲ್ಲಿ ಮುರಿದು ತಿನ್ನುತ್ತಿದ್ದಳು, ಯಾರಾದರೂ ಬಂದರೆ ನಾಚಿ ತಟ್ಟೆ ಸರಿಸುತ್ತಿದ್ದಳು. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದು ಎಂಬುದು ಅವಳ ಹಟ.

ಅಷ್ಟರಲ್ಲಿ ಹೊಲದಲ್ಲಿ ಸೋಯಾಬೀನ್ ಒಣಗಿ ನಿಂತಿತು. ಇನ್ನು ನಾಲ್ಕು ದಿನ ಬಿಟ್ಟರೆ ಕಾಯಿ ಸಿಡಿದು ಕಾಳೆಲ್ಲ ಮಣ್ಣು ಪಾಲು. ಒಂದು ಬೆಳಿಗ್ಗೆ ಪಕ್ಕದ ಮನೆಯ ಸುಂದ್ರವ್ವ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೊಲಕ್ಕೆ ಇಳಿದಳು. ಲಕ್ಕವ್ವ ಬದುವಿನ ಮೇಲೆ ಕೂತು, ಕೈ ಓಡಿಸಲಾಗದ್ದಕ್ಕೆ ಬಾಯಿ ಓಡಿಸಿದಳು. ಸಂಜೆಯ ಹೊತ್ತಿಗೆ ಕೊಯ್ಲು ಮುಗಿದಿತ್ತು.

"ಎಲ್ಲಾರ ಮುಯ್ಯಿನೂ ನನ್ನ ತಲ್ಯಾಗ ಐತಿ. ಕೈ ನೆಟ್ಟಗ ಆಗ್ಲಿ, ಒಬ್ಬೊಬ್ಬರ್ದೂ ತೀರಸ್ತೇನಿ" ಎಂದಳು ಲಕ್ಕವ್ವ.

ಸುಂದ್ರವ್ವ ಕುಡಗೋಲು ಒರೆಸುತ್ತ ನಕ್ಕಳು. "ನಮ್ದು ಬಿಡಬೇ ಲಕ್ಕಿ, ನಾವ್ ನಿನ್ನ ಮುಂದನ ಇರ್ತೀವಿ. ಮನ್ಯಾಗ ಕುಂತ ತಿನ್ನಾಕತ್ತಿಯಲ್ಲ, ಆ ರೊಕ್ಕದ ಮುಯ್ಯಿ ಯಾರಿಗೆ ತೀರಸ್ತಿ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಲಕ್ಕವ್ವ ನಗಲಿಲ್ಲ. ಸುಂದ್ರವ್ವ ಆಡಿದ್ದು ತಮಾಷೆಗೆ, ಆದರೆ ಅದು ಅವಳ ಎದೆಯಲ್ಲಿ ಮುಳ್ಳಿನಂತೆ ನಾಟಿತು. ಹೌದಲ್ಲ, ಯಾರಿಗೆ? ಒಂದು ದಿನದ ಮುಯ್ಯಿಯನ್ನೂ ಉಳಿಸಿಕೊಳ್ಳದವಳು ತಾನು. ಈಗ ಯಾರದೋ ದುಡಿತ ದಿನಾ ತನ್ನ ಮನೆಗೆ ಬರುತ್ತಿದೆ, ದುಡಿದವರ ಮುಖ ಗೊತ್ತಿಲ್ಲ, ಊರು ಗೊತ್ತಿಲ್ಲ, ಹೊಲ ಗೊತ್ತಿಲ್ಲ. ಪ್ರಾಜಕ್ತಾಳಿಗೆ ಫೋನು ಮಾಡಿ ಕೇಳಿದರೆ ಅವಳು, "ಅದು ಎಲ್ಲಾರ ರೊಕ್ಕ ಮಾವಶಿ" ಎಂದುಬಿಟ್ಟಳು. ಎಲ್ಲರ ಮನೆಗೆ ಹೋಗಿ ದುಡಿಯಲು ಯಾರಿಂದಾದೀತು? ತೀರದ ಮುಯ್ಯಿ ಹೊತ್ತವಳು ಇನ್ನು ಮುಂದೆ ಯಾವ ಬಾಯಲ್ಲಿ ಬೇರೆಯವರಿಗೆ ಕಟ್ಟಳೆ ಹೇಳುವುದು? ಲಕ್ಕವ್ವನಿಗೆ ಊಟ ರುಚಿಸದಾಯಿತು. ಸಿದ್ದಲಿಂಗ ಪಾಪ, ತನ್ನ ರೊಟ್ಟಿಯ ತಪ್ಪೆಂದು ತಿಳಿದು ಇನ್ನಷ್ಟು ತಟ್ಟಿ ತೆಳ್ಳಗೆ ಮಾಡಲು ಹೋಗಿ ಹರಿದ.

ದೀಪಾವಳಿ ಕಳೆದು ಪಟ್ಟಿ ಬಿಚ್ಚಿದರು. ಎಲುಬು ನೆಟ್ಟಗೆ ಕೂಡಿತ್ತು. ಸೋಮವಾರದಿಂದ ಕೆಲಸಕ್ಕೆ ಹೋಗಬಹುದು, ಭಾರ ಮಾತ್ರ ಎತ್ತಬೇಡಿ ಎಂದರು ಡಾಕ್ಟರರು. ಲಕ್ಕವ್ವ ಒಂದೊಂದಾಗಿ ಬೆರಳು ಮಡಚಿ ಬಿಚ್ಚಿ ನೋಡಿಕೊಂಡಳು, ಕಣ್ಣಲ್ಲಿ ನೀರು ಬಂತು. ಆದರೆ ಮುಯ್ಯಿ ಹಾಗೇ ಇತ್ತಲ್ಲ. ಮರುದಿನ ನಸುಕಿಗೇ ಎದ್ದು, ತಾನೇ ರೊಟ್ಟಿ ಮಾಡಿ, ಝುಣಕ, ಶೇಂಗಾ ಚಟ್ನಿ ಸೇರಿಸಿ ಬುತ್ತಿ ಕಟ್ಟಿದಳು. ಕುಡಗೋಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಚಿಕ್ಕೋಡಿ ಬಸ್ಸು ಹತ್ತಿದಳು. ಮನೆಗಳು ಗೊತ್ತಿಲ್ಲದಿದ್ದರೇನು, ರೊಕ್ಕ ಕಳಿಸಿದ ಇ.ಎಸ್.ಐ. ಕಚೇರಿ ಚಿಕ್ಕೋಡಿಯಲ್ಲಿರುವುದು ಗೊತ್ತಲ್ಲ. ಮುಯ್ಯಿ ಅಲ್ಲಿಗೇ ಕೊಟ್ಟುಬಿಡುವುದು ಎಂದು ಅವಳು ತೀರ್ಮಾನಿಸಿದ್ದಳು.

ಕಚೇರಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಕಂಪೌಂಡಿನಲ್ಲಿ ಮಳೆಗಾಲದ ಹುಲ್ಲು ಒಣಗಿ ನಿಂತಿತ್ತು. ಅದನ್ನು ಕಂಡು ಲಕ್ಕವ್ವನಿಗೆ ಖುಷಿಯಾಯಿತು. ಕೆಲಸ ತನ್ನನ್ನೇ ಕಾಯುತ್ತಿದೆ. ಸೀರೆ ಎತ್ತಿ ಕಟ್ಟಿ ಒಂದು ಮೂಲೆಯಿಂದ ಶುರುಮಾಡಿದಳು. ಮಣಿಕಟ್ಟು ಚುರುಗುಟ್ಟಿದಾಗ ಕುಡಗೋಲನ್ನು ಎಡಗೈಗೆ ಬದಲಿಸಿದಳು. ಅಧಿಕಾರಿ ರಾವಸಾಹೇಬರು ಬೈಕಿನಿಂದ ಇಳಿಯುವಷ್ಟರಲ್ಲಿ ಅರ್ಧ ಕಂಪೌಂಡು ನುಣ್ಣಗಾಗಿತ್ತು.

"ಯಾರ್ರೀ ನೀವು? ಯಾರ ಹೇಳಿದ್ರು ನಿಮಗ?"

"ಯಾರ ಹೇಳಬೇಕ್ರಿ ಸಾಹೇಬ್ರ? ಮುಯ್ಯಿಗೆ ಬಂದೇನಿ. ಕೈ ಮುರದಾಗ ನೀವು ರೊಕ್ಕ ಕಳಿಸಿದ್ರಿ. ಎಷ್ಟ ದಿನಾ ಮಾಡಬೇಕಂತ ಹೇಳ್ರಿ, ಸೋಮವಾರದ ತನಕಾ ಬಂದ ಹೋಗ್ತೇನಿ."

ರಾವಸಾಹೇಬರು ಹೆಲ್ಮೆಟ್ಟು ತೆಗೆಯುವುದನ್ನೇ ಮರೆತು ನಿಂತರು. ಅವರು ರಾಯಬಾಗ ಕಡೆಯವರು, ಹೊಲ ಕಂಡವರು, ಮುಯ್ಯಿ ಗೊತ್ತಿದ್ದವರು. ನಗು ಬಂತು, ಆದರೆ ನಗಲಿಲ್ಲ. ಮೊದಲು ಕುಡಗೋಲು ಇಸಿದುಕೊಂಡರು.

"ಯವ್ವಾ, ಕೈ ಇನ್ನೂ ಹಸೀ ಐತಿ, ಮತ್ತ ಮುರಕೋಬ್ಯಾಡ್ರಿ. ನಾ ಕಳಿಸಿದ ರೊಕ್ಕ ಅಲ್ಲ ಅದು. ದುಡಿಯಾವ್ರು, ದುಡಸಾವ್ರು ಕೂಡಿ ಹಾಕಿದ್ದು. ಮುಯ್ಯಿ ತೀರಸಬೇಕಂದ್ರ ಸೋಮವಾರ ಕೆಲಸಕ್ಕ ಹೋಗ್ರಿ. ನಿಮ್ಮ ಪಗಾರಿನಾಗ ಒಂದೀಟು ಕಟ್ ಆಗ್ತೈತಲ್ಲ, ಅದ ನಿಮ್ಮ ಮುಯ್ಯಿ."

"ಯಾರ ಹೊಲಕ್ಕ ಹೊಂಟೇನಿ ಅಂತ ಗೊತ್ತಿಲ್ದ ಮುಯ್ಯಿ ಎಂಥಾದ್ರಿ ಅದು?"

ರಾವಸಾಹೇಬರು ಬೇವಿನ ಮರದ ಕಡೆ ಕೈ ತೋರಿಸಿದರು. ಕುಡಗೋಲನ್ನು ಹೋಗುವಾಗ ಕೊಡುತ್ತೇನೆ, ನೆರಳಲ್ಲಿ ಕೂತು ದಣಿವಾರಿಸಿಕೊಳ್ಳಿ ಎಂದು ಒಳಗೆ ಹೋದರು.

ಬೇವಿನ ಮರದ ಕೆಳಗಿನ ಕಟ್ಟೆಯಲ್ಲಿ ಒಬ್ಬ ತರುಣ ಕೂತಿದ್ದ. ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಳಿಬಿಟ್ಟಿದ್ದ. ಲಕ್ಕವ್ವ ಸುಮ್ಮನೆ ಕೂರುವವಳೇ? ಹೆಸರು ಕೇಳಿದಳು, ಊರು ಕೇಳಿದಳು. ಸಂಗ್ರಾಮ ಎಂದು ಹೆಸರು, ಮುಗಳಖೋಡದವನು.

"ಇಲ್ಲಿ ಏನ್ ಕೆಲಸಪಾ?"

"ನಾ ಜೀವಂತ ಅದೇನಿ ಅಂತ ಬರದ ಕೊಡಾಕ ಬಂದೇನ್ರಿ ಕಾಕು. ವರ್ಷಕ್ಕೊಮ್ಮೆ ಕೊಡಬೇಕ್ರಿ."

"ಅದನ್ನೇನ್ ಬರದ ಕೊಡೂದು? ಮಾರಿ ನೋಡಿದ್ರ ಕಾಣಾಂಗಿಲ್ಲೇನ ಅವ್ರಿಗೆ?"

ಸಂಗ್ರಾಮ ನಕ್ಕ. ನಗುವಾಗ ಕೈ ಜೇಬಿನಿಂದ ಹೊರಗೆ ಬಂತು. ಹೆಬ್ಬೆರಳೊಂದೇ ಉಳಿದಿತ್ತು. ಪೈಪಿನ ಕಾರ್ಖಾನೆಯಲ್ಲಿದ್ದಾಗ ಬೆರಳುಗಳು ಯಂತ್ರಕ್ಕೆ ಹೋಗಿದ್ದವು. ಲಕ್ಕವ್ವ ತನ್ನ ಕೈಯನ್ನು ನೋಡಿಕೊಂಡಳು. ಬುತ್ತಿ ಬಿಚ್ಚಿ ಅರ್ಧ ಅವನ ಮುಂದಿಟ್ಟಳು.

"ಬ್ಯಾಡ್ರಿ ಕಾಕು, ಉಂಡ ಬಂದೇನಿ" ಎಂದ ಅವನು. ಕಣ್ಣು ಮಾತ್ರ ರೊಟ್ಟಿಯ ಮೇಲಿತ್ತು.

ಬೇರೆಯವರಾಗಿದ್ದರೆ ಇನ್ನೊಮ್ಮೆ ಒತ್ತಾಯ ಮಾಡುತ್ತಿದ್ದರು. ಲಕ್ಕವ್ವನಿಗೆ ಮಾತ್ರ ತಟ್ಟನೆ ತಿಳಿಯಿತು. ಇಷ್ಟು ದಿನ ತಾನೂ ಹೀಗೇ ತಟ್ಟೆ ಸರಿಸಿದವಳು. ಅವಳು ಎಡಗೈಯಲ್ಲಿ ರೊಟ್ಟಿ ಮುರಿದಳು, ಎಡಗೈಯಲ್ಲೇ ಝುಣಕ ಹಚ್ಚಿದಳು, ದಾರಿಯಲ್ಲಿ ಹೋಗುವವರೆಲ್ಲ ನೋಡುವ ಹಾಗೆ ಎಡಗೈಯಲ್ಲೇ ಬಾಯಿಗಿಟ್ಟಳು.

"ನನಗೂ ಈಗ ಇದ ರೂಢಿ ಆಗೇತಿ ನೋಡಪಾ. ಉಣ್ಣು."

ಸಂಗ್ರಾಮ ಎಡಗೈ ಚಾಚಿ ರೊಟ್ಟಿ ತೆಗೆದುಕೊಂಡ. ಆಮೇಲೆ ಉಂಡ, ಹೊಟ್ಟೆ ತುಂಬ ಉಂಡ. ಉಣ್ಣುತ್ತ ಹೇಳಿದ. ಕೈ ಹೋದಾಗ ಎಮ್ಮೆ ಮಾರುವ ಮಾತು ನಡೆದಿತ್ತಂತೆ, ಹೆಂಡತಿ ತವರಿಗೆ ಹೋಗೋಣವೆಂದು ಅತ್ತಳಂತೆ. ಆಮೇಲೆ ತಿಂಗಳು ತಿಂಗಳು ಇಲ್ಲಿಂದ ಬರತೊಡಗಿತು, ಬದುಕಿರುವ ತನಕ ಬರುತ್ತದಂತೆ. ಎಮ್ಮೆ ಉಳಿಯಿತು, ಹಾಲಿನ ವ್ಯಾಪಾರ ಹತ್ತಿತು, ಮಗಳು ಈಗ ಸಾಲಿಗೆ ಹೋಗುತ್ತಾಳೆ. ಎಡಗೈಯಲ್ಲಿ ಬರೆಯುವುದನ್ನು ಅವನಿಗೆ ಕಲಿಸಿದವಳೂ ಆ ಮಗಳೇ.

"ಯಾರ ಕೊಡ್ತಾರಪಾ ಅದನ್ನ?" ಎಂದಳು ಲಕ್ಕವ್ವ, ಗೊತ್ತಿದ್ದೂ.

"ಎಲ್ಲೆಲ್ಲೋ ದುಡಿಯಾವ್ರು ಕೊಡ್ತಾರಂತ್ರಿ. ಅವ್ರ ಮಾರಿ ನಾ ಕಂಡಿಲ್ಲ. ಕಂಡಿದ್ರ ಕಾಲಿಗೆ ಬೀಳತಿದ್ದೆ."

ಲಕ್ಕವ್ವ ಎತ್ತಿದ ತುತ್ತನ್ನು ಬುತ್ತಿಗೇ ಇಳಿಸಿದಳು. ಪಗಾರದ ದಿನ ತಪ್ಪದೆ ಬೈದದ್ದು ಇವನನ್ನೇ. ಯಾವನ ಜಡ್ಡಿಗೋ ಎಂದದ್ದು ಈ ಹುಡುಗನಿಗೆ, ಇವನ ಎಮ್ಮೆಗೆ, ಇವನ ಮಗಳಿಗೆ. ನಾಚಿಕೆಯಿಂದ ಮೈ ಹಿಡಿಯಾಯಿತು. ಅದರ ಹಿಂದೆಯೇ ಒಂದು ಸಂತೋಷ ಉಕ್ಕಿ ಬಂತು: ಬೈದರೂ ಮುಯ್ಯಿ ಹೋಗಿತ್ತಲ್ಲ, ತಾನು ಬೇಡವೆಂದರೂ ತನ್ನ ದುಡಿತ ಇವನ ಮನೆ ಮುಟ್ಟಿತ್ತಲ್ಲ! ಹೇಳಿದ್ದರೆ ಅವನು ನಿಜಕ್ಕೂ ಕಾಲಿಗೆ ಬೀಳುತ್ತಿದ್ದ. ಅವಳು ಹೇಳಲಿಲ್ಲ. ನೀರು ಕುಡಿದು, "ಮಗಳನ್ನ ಸಾಲಿ ಬಿಡಸಬ್ಯಾಡ ಮತ್ತ" ಎಂದು ಗದರಿಸಿ, ಉಳಿದ ಚಟ್ನಿಯನ್ನೂ ಅವನಿಗೇ ಕಟ್ಟಿಕೊಟ್ಟು, ರಾವಸಾಹೇಬರಿಂದ ಕುಡಗೋಲು ಕೇಳಿ ಪಡೆದು ಬಸ್ಸು ಹತ್ತಿದಳು.

ಸೋಮವಾರ ಲಕ್ಕವ್ವ ಕಾರ್ಖಾನೆಯಲ್ಲಿದ್ದಳು. ಮೊದಲ ದಿನ ಬೆರಳು ಎಡವಿದವು, ವಾರದೊಳಗೆ ಹಳೆಯ ಓಟ ಬಂತು. ಮುಂದಿನ ಪಗಾರದ ದಿನ ಪ್ರಾಜಕ್ತಾ ಚೀಟಿ ಕೊಟ್ಟು ಕಿವಿ ಮುಚ್ಚಿಕೊಳ್ಳಲು ಸಿದ್ಧವಾದಳು. ಬೈಗುಳ ಬರಲಿಲ್ಲ.

"ಕಟ್ ಎಲ್ಲೈತಿ?" ಎಂದಳು ಲಕ್ಕವ್ವ.

"ಅಣ್ಣಾ ಬ್ಯಾಡ ಅಂದ್ರು ಮಾವಶಿ. ಇನ್ನ ಮುಂದ ನಿಮ್ಮ ಪಾಲು ಅವ್ರ ತುಂಬ್ತಾರಂತ."

ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಬಾಹುಬಲಿ ಅಣ್ಣ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಆ ದನಿ ಕೇಳಿತು.

"ಅಣ್ಣಾ, ನನ್ನ ಪಗಾರಿನಾಗ ಯಾರ ಕೈ ಹಾಕ್ಯಾರ?"

"ಈ ಸಲಾ ಯಾರೂ ಹಾಕಿಲ್ಲಕ್ಕಾ!" ಅಣ್ಣ ಬೆಚ್ಚಿ ಚಪ್ಪಲಿ ಬಿಟ್ಟ. "ಇದ್ದದ್ದು ಇದ್ದಂಗ ಐತಿ. ನೀ ತ್ರಾಸ ಪಟ್ಟಿ, ಪಗಾರದ ದಿನಾ ಸಿಟ್ಟಿಗೂ ಏಳ್ತಿ. ನಿಂದು ನಾನ ತುಂಬಿದ್ರ ಆತು ಅಂದೆ."

"ಅದನ್ನ ಕೇಳಾಕ ಬಂದೇನಿ. ನನ್ನ ಮುಯ್ಯಿಗೆ ನೀವ್ಯಾಕ ಬದಲಿ ಆಳ ಹೋಗ್ತೀರಿ? ನನ್ನ ಕೈ ಕೂಡೇತಿ, ಬೆರಳ ಓಡತಾವ. ಮುಗಳಖೋಡದಾಗ ಒಬ್ಬಾಂವಾ ಅದಾನ. ಅವನ ಹೊಲಕ್ಕ ನಾನ ಹೋಗಬೇಕು."

ಅಣ್ಣನಿಗೆ ಮುಗಳಖೋಡದ ಹೊಲ ಯಾವುದೆಂದು ಅರ್ಥವಾಗಲಿಲ್ಲ. ಆದರೆ ಲಕ್ಕವ್ವನ ಕಣ್ಣು ತುಂಬಿದ್ದು ಕಂಡಿತು, ಗೋಡೆಯ ಮೇಲಿನ ಬಿಸಿಲು ಗೇಣುದ್ದ ಉಳಿದದ್ದೂ ಕಂಡಿತು. "ಪ್ರಾಜಕ್ತಾ, ಅಕ್ಕಂದು ಕಟ್ ಮಾಡು, ಲಗೂನ ಮಾಡು" ಎಂದು ಕೂಗಿ ಮನೆಯ ಕಡೆ ಓಡಿದ.

ಹೊಸ ಚೀಟಿಯಲ್ಲಿ ಪಗಾರ ಒಂದೀಟು ಕಡಿಮೆಯಾಗಿತ್ತು. ಲಕ್ಕವ್ವ ಅದನ್ನು ಎಡಗೈಯಲ್ಲಿ ಮಡಚಿ ಸೆರಗಿಗೆ ಕಟ್ಟಿಕೊಂಡು ಜುಗೂಳದ ಬಸ್ಸಿಗೆ ನಡೆದಳು.